ಕ್ರಿಯಾತ್ಮಕ ಜೀರ್ಣಾಂಗ ಕಾಯಿಲೆಗಳು

ಕ್ರಿಯಾತ್ಮಕ ಜೀರ್ಣಾಂಗ ಕಾಯಿಲೆಗಳು ಎಂದರೆ ಅನ್ನನಾಳ, ಜಠರ ಅಥವಾ ಕರುಳಿನಲ್ಲಿ ಹುಣ್ಣು, ಗಡ್ಡೆಗಳಂತಹ ದೋಷ ಕಾಣದಿದ್ದರೂ ಅವುಗಳ ಕಾರ್ಯದಲ್ಲಿ ಏರುಪೇರಾಗಿ ಉಂಟಾಗುವ ದೀರ್ಘಕಾಲಿಕ ತೊಂದರೆಗಳು. ಐಬಿಎಸ್ ಎಂದು ಕರೆಯಲಾಗುವ ಕರುಳಿನ ಕಾಯಿಲೆ ಹಾಗೂ ಕ್ರಿಯಾತ್ಮಕ ಅಜೀರ್ಣ ಇವುಗಳಲ್ಲಿ ಪ್ರಮುಖವಾದವು. ಮಿದುಳು ಮತ್ತು ಕರುಳಿನ ನಡುವಿನ ನರಸಂವಹನದ ವ್ಯತ್ಯಾಸ, ಕರುಳಿನ ಅತಿಸಂವೇದನೆ ಹಾಗೂ ಚಲನೆಯ ಬದಲಾವಣೆ ಇವುಗಳಿಗೆ ಕಾರಣವಾಗುತ್ತವೆ. ಆದ್ದರಿಂದ ಎಂಡೋಸ್ಕೋಪಿ ವರದಿ ಸಹಜವಾಗಿದ್ದರೂ ರೋಗಿಯ ನೋವು ಕಲ್ಪಿತವಲ್ಲ.

ಪಾಳಿ ಕೆಲಸದ ಪ್ರಭಾವ

ಕರುಳಿನ ಚಲನೆಯು ದೇಹದ ಜೈವಿಕ ಗಡಿಯಾರವನ್ನು ಅನುಸರಿಸುತ್ತದೆ. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವವರ ನಿದ್ರೆ ಹಾಗೂ ಊಟದ ವೇಳೆ ಈ ಲಯಕ್ಕೆ ಹೊಂದುವುದಿಲ್ಲ. ಬದಲಾಗುವ ಪಾಳಿಗಳಲ್ಲಿ ಕೆಲಸ ಮಾಡುವ ದಾದಿಯರಲ್ಲಿ ಐಬಿಎಸ್ ಹೆಚ್ಚಾಗಿರುವುದನ್ನು ಅಧ್ಯಯನಗಳು ಗುರುತಿಸಿವೆ.

ರೋಗನಿರ್ಣಯ

2016ರ ರೋಮ್-4 ಮಾನದಂಡದ ಪ್ರಕಾರ, ಐಬಿಎಸ್ ಎನ್ನಲು ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ ಕನಿಷ್ಠ 1 ದಿನ ಹೊಟ್ಟೆನೋವು ಬಂದಿರಬೇಕು. ತೊಂದರೆ ಆರಂಭವಾಗಿ ಕನಿಷ್ಠ 6 ತಿಂಗಳಾಗಿರಬೇಕು. ಜೊತೆಗೆ ಮಲವಿಸರ್ಜನೆಯೊಂದಿಗೆ ನೋವಿನ ಸಂಬಂಧ, ವಿಸರ್ಜನೆಯ ಸಂಖ್ಯೆಯಲ್ಲಿ ಬದಲಾವಣೆ, ಮಲದ ಸ್ವರೂಪದಲ್ಲಿ ಬದಲಾವಣೆ ಈ ಮೂರರಲ್ಲಿ ಎರಡಾದರೂ ಇರಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತಹೀನತೆ ಅಥವಾ 50ರ ನಂತರ ಹೊಸದಾಗಿ ಆರಂಭವಾದ ಲಕ್ಷಣಗಳಿದ್ದರೆ, ಪಾಳಿಯ ಆಯಾಸವೆಂದು ಭಾವಿಸದೆ ಕೊಲೊನೋಸ್ಕೋಪಿ ಮೊದಲಾದ ಪರೀಕ್ಷೆಗಳಿಂದ ಇತರ ರೋಗಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ.