ನೆಟ್ಟಗಾಗುವ ಕಾಲು: ದೆಹಲಿಯ ಒಂದು ಪೋಲಿಯೋ ವಾರ್ಡಿನ ಪಾಠ

ನಾವು ಮೂಳೆವೈದ್ಯವೆಂದೂ ಅಸ್ಥಿಚಿಕಿತ್ಸೆಯೆಂದೂ ಕರೆಯುವ ಶಾಸ್ತ್ರಕ್ಕೆ ಪಾಶ್ಚಾತ್ಯರು ಇಟ್ಟಿರುವ ಹೆಸರು ಆರ್ಥೋಪೀಡಿಕ್ಸ್. ಆ ಹೆಸರಿನಲ್ಲಿ ಮೂಳೆಯ ಮಾತೇ ಇಲ್ಲವೆಂಬುದು ವಿಚಾರಯೋಗ್ಯವಾದ ಸಂಗತಿ. ಮಕ್ಕಳ ಅಂಗವಕ್ರತೆಯನ್ನು ತಡೆಯುವ ಮತ್ತು ತಿದ್ದುವ ಬಗೆಯನ್ನು ಕುರಿತು 1741ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಪ್ಯಾರಿಸ್ಸಿನ ವೈದ್ಯ ನಿಕೋಲಾ ಆಂದ್ರಿಯು ಎರಡು ಗ್ರೀಕ್ ಪದಗಳನ್ನು ಜೋಡಿಸಿ ಈ ಮಾತನ್ನು ನಿರ್ಮಿಸಿದನು. ಒಂದರ ಅರ್ಥ ನೆಟ್ಟಗಿರುವುದು. ಇನ್ನೊಂದರ ಅರ್ಥ ಮಗು. ಆ ಗ್ರಂಥದಲ್ಲಿ ಒಂದು ಚಿತ್ರವೂ ಉಂಟು: ಡೊಂಕಾಗಿ ಬೆಳೆದ ಎಳೆಯ ಮರವೊಂದನ್ನು ಗೂಟಕ್ಕೆ ಹಗ್ಗದಿಂದ ಬಿಗಿದಿದೆ. ಮೂಳೆವೈದ್ಯರ ಅನೇಕ ಸಂಘಗಳಿಗೆ ಇಂದಿಗೂ ಅದೇ ಲಾಂಛನ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂದು ನಮ್ಮ ಗಾದೆ ಕೇಳುತ್ತದೆ. ಚಿತ್ರವೂ ಗಾದೆಯೂ ಹೇಳುವುದು ಒಂದನ್ನೇ: ತಿದ್ದುವ ಕೆಲಸಕ್ಕೆ ಎಳೆತನವೇ ತಕ್ಕ ಕಾಲ. ಆದರೆ ಎಳೆತನದಲ್ಲಿ ತಿದ್ದುವವರು ದೊರೆಯದೆ ಮರವಾಗಿ ಬೆಳೆದುಬಿಟ್ಟವರ ಗತಿಯೇನು? ಈ ಪ್ರಶ್ನೆಗೆ ದೆಹಲಿಯ ಒಂದು ಆಸ್ಪತ್ರೆಯ ಪೋಲಿಯೋ ವಾರ್ಡು ಕೊಟ್ಟ ಉತ್ತರವನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಆ ಆಸ್ಪತ್ರೆ ತೀಸ್ ಹಜಾರಿಯಲ್ಲಿರುವ ಸೇಂಟ್ ಸ್ಟೀಫನ್ಸ್. 1885ರಲ್ಲಿ ಚಾಂದನಿ ಚೌಕದಲ್ಲಿ ಸ್ತ್ರೀಯರಿಗಾಗಿ ಮತ್ತು ಮಕ್ಕಳಿಗಾಗಿ ಆರಂಭವಾಗಿ, ಆಮೇಲೆ ಈಗಿನ ಸ್ಥಳಕ್ಕೆ ಬಂದ ಸಂಸ್ಥೆ ಅದು. ಅನೇಕ ವರ್ಷಗಳ ಕಾಲ ಡಾ. ಮ್ಯಾಥ್ಯೂ ವರ್ಗೀಸ್ ಅವರ ನೇತೃತ್ವದಲ್ಲಿದ್ದ ಅದರ ಮೂಳೆಚಿಕಿತ್ಸಾ ವಿಭಾಗವು ಪೋಲಿಯೋ ಪೀಡಿತರಿಗೆಂದೇ ಒಂದು ವಾರ್ಡನ್ನು ನಡೆಸಿತು. ಉತ್ತರಪ್ರದೇಶ, ಬಿಹಾರ ಮೊದಲಾದ ಪ್ರಾಂತಗಳಿಂದ ಅಲ್ಲಿಗೆ ಬಂದವರಲ್ಲಿ ಅಂಬೆಗಾಲಿಟ್ಟೇ ಪ್ರಾಯಕ್ಕೆ ಬಂದವರೂ ಇದ್ದರು.

ಪೋಲಿಯೋ ಕಾಲನ್ನು ಕೆಡಿಸುವ ಕ್ರಮವನ್ನು ತಿಳಿಯದೆ ಚಿಕಿತ್ಸೆಯ ಮರ್ಮ ತಿಳಿಯದು. ಈ ರೋಗದ ವಿಷಾಣು ಬಾಯಿಯ ಮೂಲಕ ಒಳಹೊಕ್ಕು ಕರುಳಿನಲ್ಲಿ ವೃದ್ಧಿಯಾಗುತ್ತದೆ. ಸೋಂಕು ತಗುಲಿದವರಲ್ಲಿ ಸುಮಾರು 200ಕ್ಕೆ ಒಬ್ಬರಲ್ಲಿ ಮಾತ್ರ ಪಾರ್ಶ್ವವಾಯುವಿನಂಥ ನಿಶ್ಚೇಷ್ಟತೆ ತಲೆದೋರುತ್ತದೆ. ಅಂಥವರಲ್ಲಿ ವಿಷಾಣುವು ಬೆನ್ನುಹುರಿಯ ಮುಂಭಾಗದ ನರಕೋಶಗಳನ್ನು, ಎಂದರೆ ಸ್ನಾಯುಗಳಿಗೆ ಆಜ್ಞೆ ಕೊಡುವ ಕೋಶಗಳನ್ನು, ನಾಶಮಾಡುತ್ತದೆ. ಸ್ಪರ್ಶಜ್ಞಾನಕ್ಕೆ ಕುಂದಿಲ್ಲ, ಚಲನೆ ಮಾತ್ರ ಹೋಗುತ್ತದೆ. ಜ್ವರವೆಂದು ಮಗುವಿಗೆ ಅನವಶ್ಯಕವಾಗಿ ಚುಚ್ಚಿದ ಸೂಜಿಮದ್ದೇ ಆ ಕಾಲಿನ ನಿಶ್ಚೇಷ್ಟತೆಗೆ ಪ್ರಚೋದಕವಾದುದೂ ಉಂಟು.

ಡೊಂಕು ಹುಟ್ಟುವುದು ಆಮೇಲೆ. ಪ್ರತಿಯೊಂದು ಕೀಲಿನ ಎರಡು ಕಡೆಯಲ್ಲಿಯೂ ಪರಸ್ಪರ ವಿರುದ್ಧವಾಗಿ ಎಳೆಯುವ ಸ್ನಾಯುಗಳಿವೆ. ಒಂದು ಸತ್ತು ಇನ್ನೊಂದು ಬದುಕಿದರೆ ಬದುಕಿದ್ದು ಕೀಲನ್ನು ತನ್ನ ಕಡೆಗೇ ಎಳೆದಿಡುತ್ತದೆ. ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು ಸತ್ತು ಮೀನಖಂಡ ಬದುಕಿದರೆ ಹಿಮ್ಮಡಿ ಮೇಲೆದ್ದು ಮಗು ತುದಿಗಾಲಿನಲ್ಲಿ ನಿಲ್ಲುತ್ತದೆ. ಸದಾ ಕುಳಿತೇ ಇರುವ ಮಗುವಿನ ತೊಡೆಸಂದೂ ಮೊಣಕಾಲೂ ಮಡಿಸಿದಂತೆಯೇ ಬಿಗಿಯುತ್ತವೆ. ಮೂಳೆ ಬೆಳೆದಂತೆಲ್ಲ ವಕ್ರತೆಯೂ ಬೆಳೆಯುತ್ತದೆ. ಕೊನೆಗೆ ಕಾಲನ್ನು ದೇಹದ ಕೆಳಗೆ ತರುವುದೇ ಅಸಾಧ್ಯವಾಗಿ, ಮನುಷ್ಯನು ಅಂಗೈಯೂರಿ ತೆವಳುತ್ತಾನೆ.

ಸತ್ತ ಸ್ನಾಯುವಿಗೆ ಜೀವ ಕೊಡುವ ಶಸ್ತ್ರಕ್ರಿಯೆಯಿಲ್ಲ. ಈ ಸತ್ಯವನ್ನು ರೋಗಿಗೂ ಅವನ ಮನೆಯವರಿಗೂ ಮೊದಲೇ ತಿಳಿಯಹೇಳಬೇಕು. ವೈದ್ಯನು ಮಾಡಬಲ್ಲದ್ದು ಇಷ್ಟು: ಬಿಗಿದ ಕಟ್ಟುಗಳನ್ನು ಸಡಿಲಿಸಿ, ಅವಶ್ಯವಿದ್ದರೆ ಮೂಳೆಯನ್ನು ಕೊಯ್ದು ಕೋನ ತಿದ್ದಿ, ಕಾಲನ್ನು ನೆಟ್ಟಗೆ ಮಾಡುವುದು, ಬಳಿಕ ಕ್ಯಾಲಿಪರ್ ತೊಡಿಸಿ ಅದನ್ನು ಕಂಬದಂತೆ ನಿಲ್ಲಿಸುವುದು.

ಪ್ರಾಯದವರಲ್ಲಿ ಒಂದೇ ದಿನ ಕಾಲನ್ನು ಎಳೆದು ನೇರಮಾಡಲು ಹೋದರೆ ನರಕ್ಕೂ ರಕ್ತನಾಳಕ್ಕೂ ಅಪಾಯ. ಅಂಥಲ್ಲಿ ಸೈಬೀರಿಯದ ಕುರ್ಗಾನ್ ಊರಿನ ವೈದ್ಯ ಇಲಿಜಾರೋವ್ ಕಂಡುಹಿಡಿದ ಉಕ್ಕಿನ ಬಳೆಗಳು ಒದಗುತ್ತವೆ. ಕಾಲಿನ ಸುತ್ತ ಬಳೆಗಳನ್ನು ನಿಲ್ಲಿಸಿ, ತಂತಿಗಳ ಮೂಲಕ ಮೂಳೆಗೆ ಬಂಧಿಸಿ, ತಿರುಪುಗಳನ್ನು ದಿನದಿನವೂ ತುಸುತುಸುವೇ ತಿರುಗಿಸುತ್ತಾರೆ. ಮೂಳೆಯನ್ನು ಉದ್ದಮಾಡುವಾಗ ವಾಡಿಕೆಯ ಪ್ರಮಾಣ ದಿನಕ್ಕೆ 1 ಮಿಲಿಮೀಟರು; ಅದೂ ನಾಲ್ಕು ಕಂತುಗಳಲ್ಲಿ. ಬೆಳೆದ ಮರವೂ ಬಗ್ಗುತ್ತದೆ. ಆದರೆ ಅದಕ್ಕೆ ಕಾಲ ಬೇಕು, ತಾಳ್ಮೆ ಬೇಕು.

ಇದೆಲ್ಲಕ್ಕಿಂತ ಸೂಕ್ಷ್ಮವಾದ ವಿದ್ಯೆ ಇನ್ನೊಂದುಂಟು: ಏನನ್ನು ತಿದ್ದಬಾರದೆಂಬ ವಿವೇಕ. ತೊಡೆಯ ಮುಂಭಾಗದ ಸ್ನಾಯು ಸತ್ತವನು ಹೆಜ್ಜೆಗೊಮ್ಮೆ ತೊಡೆಯನ್ನು ಕೈಯಿಂದ ಒತ್ತಿ ನಡೆಯುವುದನ್ನು ಅನೇಕರು ಕಂಡಿರಬಹುದು. ಹಾಗೆ ಒತ್ತದಿದ್ದರೆ ಮೊಣಕಾಲು ಮಡಿಚಿ ಅವನು ಬೀಳುತ್ತಾನೆ. ಮೊಣಕಾಲಿನ ಮೇಲುಗಡೆ ತೊಡೆಮೂಳೆಯನ್ನು ಕೊಯ್ದು ಕೋನವನ್ನು ತಿದ್ದಿದರೆ ದೇಹದ ಭಾರ ಕೀಲಿನ ಮುಂದಕ್ಕೆ ಬಿದ್ದು, ಸ್ನಾಯುವಿಲ್ಲದೆಯೂ ಕಾಲು ನಿಲ್ಲುತ್ತದೆ. ಆಗ ಕೈ ಬಿಡುವಾಗುತ್ತದೆ; ಕೊಡ ಹೊರಬಹುದು, ಪುಸ್ತಕ ಹಿಡಿಯಬಹುದು. ಆದರೆ ಅದೇ ರೋಗಿಯ ಹಿಮ್ಮಡಿ ತುಸು ಮೇಲೆದ್ದಿದ್ದರೆ ಅದೂ ಮೊಣಕಾಲನ್ನು ಹಿಂದಕ್ಕೊತ್ತಿ ಅವನನ್ನು ನಿಲ್ಲಿಸುತ್ತಿರುತ್ತದೆ. ಅದನ್ನು ದೋಷವೆಂದೇ ಭಾವಿಸಿ ಹಿಮ್ಮಡಿಯ ನರವನ್ನು ಉದ್ದಮಾಡಿದ ವೈದ್ಯನು, ನಡೆಯುತ್ತಿದ್ದವನನ್ನು ಕೂರಿಸಿಬಿಡುತ್ತಾನೆ. ಆದುದರಿಂದ ಕತ್ತಿ ಹಿಡಿಯುವ ಮೊದಲು ರೋಗಿಯ ನಡಿಗೆಯನ್ನು ನೋಡಬೇಕು. ಒಂದೊಂದು ಸ್ನಾಯುವಿನ ಬಲವನ್ನೂ ಬೇರೆಬೇರೆಯಾಗಿ ಅಳೆಯಬೇಕು. ಇದು ಪುಸ್ತಕದಿಂದ ಪೂರ್ತಿ ಬರತಕ್ಕ ವಿದ್ಯೆಯಲ್ಲ. ಗುರುವಿನ ಪಕ್ಕದಲ್ಲಿ ನಿಂತು ಕಲಿಯತಕ್ಕದ್ದು.

ಶಸ್ತ್ರದಷ್ಟೇ ಮುಖ್ಯವಾದುದು ಕ್ಯಾಲಿಪರ್. ಸಫ್ದರ್‌ಜಂಗ್ ಆಸ್ಪತ್ರೆಯ ಕೇಂದ್ರೀಯ ಮೂಳೆಚಿಕಿತ್ಸಾ ಸಂಸ್ಥೆಯನ್ನು ನಡೆಸಿದ, 2007ರಲ್ಲಿ ಪದ್ಮವಿಭೂಷಣ ಪಡೆದ ಡಾ. ಬಾಲು ಶಂಕರನ್ ಅವರು ಇದನ್ನು ಚೆನ್ನಾಗಿ ಅರಿತಿದ್ದರು. 1972ರಲ್ಲಿ ಕಾನಪುರದಲ್ಲಿ ಸ್ಥಾಪಿತವಾದ ಕೃತಕಾಂಗ ನಿರ್ಮಾಣದ ಸರ್ಕಾರಿ ಕಾರ್ಖಾನೆಯ ಉದಯಕ್ಕೆ ಅವರ ಶ್ರಮವೂ ಕಾರಣ.

ಈ ನಡುವೆ ರೋಗವೇ ಕಾಲ್ತೆಗೆಯಿತು. 1994ರ ಅಕ್ಟೋಬರ್ 2ರಂದು ದೆಹಲಿಯಲ್ಲಿ ಮೊದಲಾದ ಪಲ್ಸ್ ಪೋಲಿಯೋ ಕಾರ್ಯ ಮರುವರ್ಷ ದೇಶವ್ಯಾಪಿಯಾಯಿತು. ಹಾದಿ ಸುಗಮವಾಗಿರಲಿಲ್ಲ, 2003ರಲ್ಲಿ ಕರ್ನಾಟಕದಲ್ಲಿಯೂ ರೋಗ ಮರಳಿ ತಲೆಯೆತ್ತಿತು. 2009ರಲ್ಲಿ ದೇಶದಲ್ಲಿ 741 ಮಕ್ಕಳು, 2010ರಲ್ಲಿ 42, 2011ರಲ್ಲಿ ಒಂದೇ ಒಂದು: ಜನವರಿ 13ರಂದು ಕಾಯಿಲೆ ಬಿದ್ದ, ಬಂಗಾಳದ ಹೌರಾ ಜಿಲ್ಲೆಯ ಹೆಣ್ಣುಮಗು. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಇದು ನಮ್ಮೆಲ್ಲರ ಹೆಮ್ಮೆ, ಸಂದೇಹವಿಲ್ಲ. ಆದರೆ ರೋಗ ಹೋದ ದಿನವೇ ರೋಗಿ ಹೋಗುವುದಿಲ್ಲ. 2009ರಲ್ಲಿ ಕಾಲಿನ ಬಲ ಕಳೆದುಕೊಂಡ ಮಗುವಿಗೆ ಈಗ ಹದಿನೈದು ವರ್ಷ ದಾಟಿದೆ. ಅದರ ಮುಂದೆ ಇನ್ನೂ ದೀರ್ಘ ಬಾಳು ಇದೆ. ಅತ್ತ ಸ್ನಾತಕೋತ್ತರ ವ್ಯಾಸಂಗಕ್ಕೆ ಬರುವ ತರುಣ ವೈದ್ಯನು ಪೋಲಿಯೋದ ಕಾಲನ್ನು ಕಾಣುವುದೇ ಅಪರೂಪವಾಗುತ್ತಿದೆ. ರೋಗಿಗಳು ಉಳಿದು, ವಿದ್ಯೆ ಅಳಿಯುವ ವಿಪರ್ಯಾಸ ಇದು. ದೇಶದಲ್ಲಿ ಪೋಲಿಯೋಗೆಂದೇ ಮೀಸಲಾದ ಕೊನೆಯ ವಾರ್ಡೆಂದು ಸೇಂಟ್ ಸ್ಟೀಫನ್ಸ್ ವಾರ್ಡು ಹೆಸರಾದುದರಲ್ಲಿ ಮೆಚ್ಚುಗೆಯೊಂದಿಗೆ ಈ ಎಚ್ಚರಿಕೆಯೂ ಅಡಗಿದೆ.

ಅಲ್ಲಿಯ ವೈದ್ಯರು ಹುಟ್ಟಿನಿಂದಲೇ ಪಾದ ಒಳಮುರಿದ ಶಿಶುಗಳ ಚಿಕಿತ್ಸೆಗೂ ಗಮನ ಕೊಟ್ಟರು. ಅಮೆರಿಕದ ಐಯೋವಾದಲ್ಲಿ ಪೊನ್ಸೇಟಿಯವರು ರೂಪಿಸಿದ ಕ್ರಮದಲ್ಲಿ ವಾರವಾರವೂ ಪ್ಲಾಸ್ಟರ್ ಬದಲಿಸುತ್ತ ಎಳೆಯ ಪಾದವನ್ನು ತಿದ್ದುವ ಕೆಲಸ ಅದು. ಗಿಡವಾಗಿರುವಾಗಲೇ ಬಗ್ಗಿಸುವ ಕೆಲಸ. ಗಾದೆಗೆ ಒಪ್ಪುವ ಆ ಚಿಕಿತ್ಸೆಗೆ ಕೈಗಳು ದೊರೆತಾವು. ಗಾದೆಯನ್ನು ಮೀರಿ ಬೆಳೆದ ಮರವನ್ನು ನೆಟ್ಟಗೆ ಮಾಡುವ ವಿದ್ಯೆಯನ್ನು ಬಲ್ಲವರು ಇರುವಾಗಲೇ ಮುಂದಿನವರಿಗೆ ಕಲಿಸಿಡಬೇಕು. ಅದನ್ನು ನಂಬಿ ನಿಂತವರು ಇನ್ನೂ ನಮ್ಮ ನಡುವೆ ಇದ್ದಾರೆ.