ಪೈಪು ಕೋವಿಯಲ್ಲ

ಕಳೆದ ವರ್ಷ ಅವರೆ ಹೂವಿಗೆ ಬಂದ ಹೊತ್ತಿಗೆ ನಮ್ಮ ಹೊಲಕ್ಕೆ ನವಿಲು, ಹಂದಿ ಎರಡೂ ನುಗ್ಗಿದವು. ತಂಗಿ ಮಗ ಮನೆ ಹಿಂದೆ ಬಿದ್ದಿದ್ದ ಪಿವಿಸಿ ಪೈಪಿನ ತುಂಡಲ್ಲಿ ಕಾರ್ಬೈಡ್ ಗನ್ನು ಮಾಡಿಕೊಂಡು ಬಂದ. ಢಂ ಅಂದರೆ ಪಕ್ಕದೂರಿಗೆ ಕೇಳುತ್ತಿತ್ತು. ನಾನೂ ಬೇಡ ಅನ್ನಲಿಲ್ಲ, ಅದು ನನ್ನ ತಪ್ಪು. ಐದನೇ ದಿನ ಪೈಪು ಉದ್ದಕ್ಕೆ ಸೀಳಿ ಚೂರೊಂದು ಅವನ ಹುಬ್ಬಿಗೆ ಬಡಿಯಿತು. ನಾಲ್ಕು ಹೊಲಿಗೆ ಬಿತ್ತು. ಅರ್ಧ ಅಂಗುಲ ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ಒಡೆದ ಪೈಪನ್ನು ವಿಜಯಪುರದ ಲೇತ್ ಅಂಗಡಿ ಮೇಸ್ತ್ರಿಗೆ ತೋರಿಸಿದೆ. "ಇದರ ಮೇಲೆ 6 ಕೆಜಿ ಅಂತ ಬರೆದಿದೆಯಲ್ಲ, ಯಾಕೆ ಒಡೀತು?" ಅಂದೆ.

"ಅದು ನೀರಿನ ಲೆಕ್ಕ ಯಜಮಾನ್ರೇ" ಅಂದರು.

ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ಅಂತ ಅದರರ್ಥ. ನೀರಿನ ಪೈಪು ಒಡೆದರೆ ಒತ್ತಡ ತಟ್ಟನೆ ಇಳಿದುಹೋಗುತ್ತದೆ. ಗ್ಯಾಸು ಹಾಗಲ್ಲ, ಹಿಗ್ಗುತ್ತಲೇ ಚೂರುಗಳನ್ನು ಎಸೆಯುತ್ತದೆ. ಜೊತೆಗೆ ಪಿವಿಸಿ ಬಿಸಿಯಾದರೆ ಮೆತ್ತಗಾಗುತ್ತದೆ, ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಪೆಡಸಾಗುತ್ತದೆ.

ಉದ್ದಕ್ಕೇ ಯಾಕೆ ಸೀಳಿತು? ಬಾಯಿ ಮುಚ್ಚಿದ ನಳಿಗೆಯೊಳಗಿನ ಒತ್ತಡ ಅದರ ಸುತ್ತಳತೆಯನ್ನು ಹಿಗ್ಗಿಸಲು ಎಳೆಯುವುದು, ಉದ್ದಕ್ಕೆ ಎಳೆಯುವುದರ ಎರಡರಷ್ಟು. ಅಗಲ ಎರಡರಷ್ಟಾದರೆ, ಅದೇ ಒತ್ತಡ ತಡೆಯಲು ದಪ್ಪವೂ ಎರಡರಷ್ಟು ಬೇಕು. ನಮ್ಮ ಹುಡುಗರು ಸದ್ದು ಜೋರಾಗಲಿ ಅಂತ ಅಗಲದ ಪೈಪು ಹುಡುಕುತ್ತಾರೆ. ಎಡವುವುದು ಅಲ್ಲೇ.

ಕೋವಿಯ ನಳಿಗೆ ಉಕ್ಕಿನದು. ಮದ್ದು ಉರಿಯುವ ಹಿಂಬದಿಯಲ್ಲಿ ಒತ್ತಡ ಹೆಚ್ಚು, ಅದಕ್ಕೇ ಅಲ್ಲಿ ದಪ್ಪ. ಒತ್ತಡ ಮೀರಿದರೆ ಒಳ್ಳೆ ಉಕ್ಕು ಮೊದಲು ಜಗ್ಗುತ್ತದೆ. ಬೀಡು ಕಬ್ಬಿಣ ಜಗ್ಗದೆ ಸಿಡಿಯುತ್ತದೆ. ಮಾರುವ ಮುಂಚೆ ಹೆಚ್ಚಿನ ಒತ್ತಡದಲ್ಲಿ ಹಾರಿಸಿ ಪರೀಕ್ಷೆ ಮಾಡಿ ನಳಿಗೆಗೆ ಮುದ್ರೆ ಒತ್ತುತ್ತಾರೆ. ಇಂಥ ನಳಿಗೆಯೂ ಒಳಗೆ ತುಕ್ಕು ತಿಂದಿದ್ದರೆ, ಬಾಯಿಗೆ ಮಣ್ಣು ಮೆತ್ತಿದ್ದರೆ ಒಡೆಯಬಹುದು. ಬೆಳೆ ರಕ್ಷಣೆಗೆ ಲೈಸೆನ್ಸಿನ ಹಳೇ ಕೋವಿ ಇಟ್ಟುಕೊಂಡವರು ಇದನ್ನು ಮರೆಯಬಾರದು.

ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಸೈನ್ಯಕ್ಕೆ ಈ ಗುಟ್ಟು ಗೊತ್ತಿತ್ತು. ಆಗ ಯುರೋಪಿನ ರಾಕೆಟ್ಟಿಗೆ ಕಾಗದದ ರಟ್ಟಿನ ಕೊಳವೆ, ಮೈಸೂರಿನದಕ್ಕೆ ಕಬ್ಬಿಣದ್ದು. ಕಬ್ಬಿಣ ಹೆಚ್ಚು ಒತ್ತಡ ತಡೆದಿದ್ದರಿಂದ ದೂರವೂ ಹಾರಿತು. ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯಲ್ಲಿ 2018ರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದವು.

2025ರ ದೀಪಾವಳಿಯಲ್ಲಿ ಭೋಪಾಲ್ ಮತ್ತು ಮಧ್ಯಪ್ರದೇಶದ ಬೇರೆ ಊರುಗಳಲ್ಲಿ ಕಾರ್ಬೈಡ್ ಗನ್ನಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು. ಹೆಚ್ಚಿನವರು ಮಕ್ಕಳು. ಕೆಲವರಿಗೆ ದೃಷ್ಟಿಯೇ ಹೋಯಿತು.

ಹಂದಿ ತಿಂದ ಬೆಳೆ ಮುಂದಿನ ಮಳೆಗೆ ಮತ್ತೆ ಬರುತ್ತೆ, ಕಣ್ಣು ಬರೋಲ್ಲ. ಈಗ ನಾವು ಹೊಲದ ಸುತ್ತ ಹಳೇ ಸೀರೆ ಕಟ್ಟಿದ್ದೇವೆ. ರಾತ್ರಿ ಅಕ್ಕಪಕ್ಕದವರು ಸೇರಿ ಸರದಿ ಪ್ರಕಾರ ತಗಡು ಡಬ್ಬ ಬಡಿಯುತ್ತೇವೆ. ನಿದ್ದೆ ಕೆಡುತ್ತದೆ, ನಿಜ. ನಿಮ್ಮ ಮನೆಯಲ್ಲೂ ಅಂಥ ಪೈಪಿದ್ದರೆ ಇವತ್ತೇ ತುಂಡು ಮಾಡಿ ಎಸೆಯಿರಿ.