ಮುದುಕರ ಊರಿನಲ್ಲಿ ನೀಲಿ ನಕ್ಷತ್ರಗಳು

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದ್ದೀರಾ? ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾಯಿಸಿದರೆ ಬಿಳಿ. ನಕ್ಷತ್ರಗಳ ಲೆಕ್ಕವೂ ಹೀಗೆಯೇ. ಕೆಂಪು ನಕ್ಷತ್ರ ತುಸು ತಣ್ಣಗಿನದು, ನೀಲಿ ನಕ್ಷತ್ರ ಎಲ್ಲಕ್ಕಿಂತ ಬಿಸಿ. ಸೂರ್ಯನ ಮೇಲ್ಮೈ ತಾಪ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ನೀಲಿ ನಕ್ಷತ್ರಗಳದು 20, 30 ಸಾವಿರ ಡಿಗ್ರಿಗೂ ಏರುತ್ತದೆ. ಇಷ್ಟು ಧಾರಾಳವಾಗಿ ಉರಿಯುವ ಭಾರಿ ನಕ್ಷತ್ರ ಹೆಚ್ಚು ಕಾಲ ಬಾಳದು. ಕೆಲವೇ ಕೋಟಿ ವರ್ಷಗಳಲ್ಲಿ ಅದರ ಇಂಧನ ಮುಗಿಯುತ್ತದೆ.

ನಮ್ಮ ಆಕಾಶಗಂಗೆ ಚಪ್ಪಟೆ ತಟ್ಟೆಯಂತಿದೆ. ಹೊಸ ನಕ್ಷತ್ರಗಳು ಹುಟ್ಟುವುದು ಈ ತಟ್ಟೆಯಲ್ಲಿ. ಅದರ ಮೇಲೂ ಕೆಳಗೂ ಸುತ್ತುವರಿದ, ನಕ್ಷತ್ರಗಳು ವಿರಳವಾಗಿರುವ ದೊಡ್ಡ ಗೋಳಕ್ಕೆ ಪ್ರಭಾವಲಯ ಎಂದು ಹೆಸರು. ಅಲ್ಲಿರುವವು ಬಹುಪಾಲು ಸಾವಿರ ಕೋಟಿ ವರ್ಷ ಕಂಡ ಮುದಿ ನಕ್ಷತ್ರಗಳು. ಅಂಥ ಮುದುಕರ ಊರಿನಲ್ಲಿ ಎಳೆಯ ನೀಲಿ ಮುಖವೊಂದು ಕಂಡರೆ ಯಾರಾದರೂ ಕೇಳುತ್ತಾರೆ: ಇವನು ಯಾರ ಮನೆಯವನು?

ಇಂಥವನ್ನು ಹುಡುಕಿ ಪಟ್ಟಿ ಮಾಡಿದ ಮೊದಲಿಗರಲ್ಲಿ ಮಿಲ್ಟನ್ ಹ್ಯೂಮಸನ್ ಮತ್ತು ಫ್ರಿಟ್ಸ್ ಜ್ವಿಕಿ ಮುಖ್ಯರು. ಹ್ಯೂಮಸನ್ 14ನೇ ವಯಸ್ಸಿಗೇ ಶಾಲೆ ಬಿಟ್ಟವರು. ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದರು. ಮುಂದೆ ಅದೇ ವೀಕ್ಷಣಾಲಯದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ನೋಡುತ್ತ ನೋಡುತ್ತ ಕಲಿತು ಖಗೋಳ ವಿಜ್ಞಾನಿಯೇ ಆದರು. (ಅಂಕಪಟ್ಟಿ ಹಿಡಿದು ಕೂತಿರುವ ತಂದೆತಾಯಿಯರು ಇದನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಮುಚ್ಚಿಡಬೇಕಾಗಿಲ್ಲ!) ಈ ಇಬ್ಬರು 1947ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿದ್ದದ್ದು ಬರೀ 48 ನಕ್ಷತ್ರಗಳು.

ಮುಂದಿನ ದೊಡ್ಡ ಹೆಜ್ಜೆ ಮೆಕ್ಸಿಕೋದ ಗಿಯೆರ್ಮೊ ಆರೊ ಅವರದು. ಅವರ ಉಪಾಯ ಸರಳ. ಒಂದೇ ಛಾಯಾಫಲಕದ ಮೇಲೆ ಆಕಾಶದ ಒಂದೇ ಭಾಗವನ್ನು ಮೂರು ಬಣ್ಣಗಳಲ್ಲಿ, ಪ್ರತಿ ಸಲ ದೂರದರ್ಶಕವನ್ನು ಒಂದಿಷ್ಟು ಸರಿಸಿ, ಚಿತ್ರ ತೆಗೆಯುವುದು. ಪ್ರತಿ ನಕ್ಷತ್ರವೂ ಮೂರು ಚುಕ್ಕಿಗಳಾಗಿ ಮೂಡುತ್ತದೆ. ಅತಿನೇರಿಳೆ ಬೆಳಕಿನ ಚುಕ್ಕಿ ದಪ್ಪಗಿದ್ದರೆ ಆಸಾಮಿ ಬಿಸಿಯವನೆಂದು ಅರ್ಥ. ಹೀಗೆ ತೆಗೆದ ಫಲಕಗಳಿಂದ ಆರೊ ಮತ್ತು ವಿಲೆಂ ಲೌಟನ್ 1962ರಲ್ಲಿ ಆಕಾಶಗಂಗೆಯ ದಕ್ಷಿಣ ಧ್ರುವದ ಕಡೆಯ 8,746 ಮಂದ ನೀಲಿ ಚುಕ್ಕಿಗಳ ಪಟ್ಟಿ ಹೊರತಂದರು. ಲೌಟನ್ ತಾರುಣ್ಯದಲ್ಲೇ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದರು ಎಂಬುದನ್ನು ನೆನೆದರೆ ಈ ಸಂಖ್ಯೆಯ ಭಾರ ತಿಳಿದೀತು.

ಪಟ್ಟಿಗೆ ನುಸುಳಿದವರೂ ಇದ್ದರು. ಇಂಥ ನೀಲಿ ಚುಕ್ಕಿಗಳಲ್ಲಿ ಕೆಲವು ನಕ್ಷತ್ರಗಳೇ ಅಲ್ಲ, ಆಕಾಶಗಂಗೆಯ ಆಚೆ ಎಷ್ಟೋ ದೂರದಲ್ಲಿರುವ ಕ್ವೇಸಾರ್‌ಗಳು ಎಂದು 1965ರಲ್ಲಿ ಅಲನ್ ಸ್ಯಾಂಡೇಜ್ ತೋರಿಸಿದರು. ಆಮೇಲೆ ಕಥೆ ತಿರುಗುಮುರುಗಾಯಿತು. ಕ್ವೇಸಾರ್ ಹುಡುಕಲು ಹೊರಟ ಪಾಲೋಮಾರ್-ಗ್ರೀನ್ ಸಮೀಕ್ಷೆ ಆಕಾಶದ ಸುಮಾರು ಕಾಲು ಭಾಗವನ್ನು ಜಾಲಾಡಿ 1986ರಲ್ಲಿ 1,874 ಕಾಯಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಹೆಚ್ಚಿನವು ಬಿಸಿ ನಕ್ಷತ್ರಗಳೇ!

ಹಾಗಾದರೆ ಇವು ಯಾರ ಮನೆಯವು? ರೋಹಿತ ಪರೀಕ್ಷಿಸಿದಾಗ ತಿಳಿದ ಸಂಗತಿ ಎಂದರೆ, ಬಹುತೇಕ ಎಳೆಯರಲ್ಲ, ಮುದುಕರೇ. ಒಂದಷ್ಟು, ಉರಿದು ಮುಗಿದ ಶ್ವೇತಕುಬ್ಜಗಳು. ಇನ್ನು ಕೆಲವು, ಉಪಕುಬ್ಜಗಳೆಂಬ ವಿಚಿತ್ರ ಜಾತಿ. ಉಬ್ಬಿದ ಮುದಿ ನಕ್ಷತ್ರದ ಹೈಡ್ರೋಜನ್ ಹೊದಿಕೆಯನ್ನು ಪಕ್ಕದ ಜೊತೆಗಾರ ಕಿತ್ತುಕೊಂಡರೆ ಒಳಗಿನ ಸುಡುವ ತಿರುಳು ಬಯಲಾಗುತ್ತದೆ. ಸಿಪ್ಪೆ ಸುಲಿದ ಈರುಳ್ಳಿಯಂತೆ ಅನ್ನಿ. ಆ ತಿರುಳಿನ ತೂಕ ಸಾಮಾನ್ಯವಾಗಿ ಸೂರ್ಯನ ಅರ್ಧದಷ್ಟು, ಉರಿಯುವುದು ಹೀಲಿಯಂ.

ಪೀಟರ್ ಅಷರ್ ಮತ್ತು ಸಂಗಡಿಗರು 1982ರಲ್ಲಿ ಮಾಡಿದ ಪಟ್ಟಿಯಲ್ಲಿ ಯುಎಸ್ 708 ಎಂಬ ನಮೂದು ಇತ್ತು. ಸಪ್ತರ್ಷಿ ಮಂಡಲದ ದಿಕ್ಕಿನ ಇನ್ನೊಂದು ಮಂದ ನೀಲಿ ಚುಕ್ಕಿ, ಅಷ್ಟೆ. 23 ವರ್ಷ ಅದರ ಗುಟ್ಟು ಯಾರಿಗೂ ತಿಳಿಯಲಿಲ್ಲ. 2005ರಲ್ಲಿ ಜರ್ಮನಿಯ ವಿಜ್ಞಾನಿಗಳು ಅದರ ರೋಹಿತ ನೋಡಿದಾಗ, ಆಕಾಶಗಂಗೆಯನ್ನೇ ಬಿಟ್ಟು ಓಡುತ್ತಿರುವ ಉಪಕುಬ್ಜ ಅದೆಂದು ಗೊತ್ತಾಯಿತು. 2015ರ ಲೆಕ್ಕದ ಪ್ರಕಾರ ಅದರ ವೇಗ ಸೆಕೆಂಡಿಗೆ ಸುಮಾರು 1,200 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗೆ ಮೂರು ಸೆಕೆಂಡು ಸಾಕು! ಅದನ್ನು ಹತ್ತಿರದಿಂದಲೇ ಸುತ್ತುತ್ತಿದ್ದ ಶ್ವೇತಕುಬ್ಜವೊಂದು ಅದರಿಂದ ಹೀಲಿಯಂ ಕದ್ದು, ಕೊನೆಗೆ ಸೂಪರ್‌ನೋವಾ ಆಗಿ ಸಿಡಿದಿರಬೇಕು. ಹಿಡಿದಿದ್ದ ಕೈ ಇಲ್ಲವಾದಾಗ ಕವಣೆಕಲ್ಲಿನಂತೆ ಚಿಮ್ಮಿತು ಎಂಬುದು ವಿಜ್ಞಾನಿಗಳ ವಿವರಣೆ.

ಬಿಸಿ ನಕ್ಷತ್ರಗಳು ಹೆಚ್ಚಾಗಿ ಸೂಸುವ ಅತಿನೇರಿಳೆ ಬೆಳಕನ್ನು ನಮ್ಮ ವಾಯುಮಂಡಲ ಬಹುಪಾಲು ತಡೆಯುತ್ತದೆ. ಆದ್ದರಿಂದ ಕಣ್ಣು ಮೇಲೆಯೇ ಇರಬೇಕು. 2015ರಲ್ಲಿ ಭಾರತ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿದ್ದ ಅತಿನೇರಿಳೆ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾದದ್ದು. ಪ್ರಭಾವಲಯದಲ್ಲಿರುವ ಗೋಳಾಕಾರದ ತಾರಾಗುಚ್ಛಗಳಲ್ಲಿ ಅದು ಇಂಥ ನಕ್ಷತ್ರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿತು.

ಯೂರೋಪಿನ ಗಾಯಾ ಉಪಗ್ರಹದ ಅಳತೆಗಳನ್ನು ಆಧರಿಸಿ 2022ರಲ್ಲಿ ಬಂದ ಪಟ್ಟಿಯಲ್ಲಿ ಬಿಸಿ ಉಪಕುಬ್ಜಗಳಾಗಿರಬಹುದಾದ 61,585 ಚುಕ್ಕಿಗಳಿವೆ. ಖಚಿತವಾಗಿ ಗುರುತಾದವುಗಳ ಪಟ್ಟಿಯೂ ಜೊತೆಗೇ ಬಂತು. ಅದರಲ್ಲಿರುವುದು 6,616.